ಲೋಹದ ಒಡಲಲ್ಲಿ ಜಲಜನಕ

ಒಂದು ಕಿಲೋಗ್ರಾಂ ಜಲಜನಕ ಉರಿದಾಗ ದೊರೆಯುವ ಶಕ್ತಿ, ಅಷ್ಟೇ ತೂಕದ ಪೆಟ್ರೋಲ್ ಕೊಡುವ ಶಕ್ತಿಯ ಸುಮಾರು ಮೂರರಷ್ಟು. ಆದರೆ ಅದನ್ನು ಹೊತ್ತೊಯ್ಯುವುದು ಸುಲಭವಲ್ಲ. ಸಾಮಾನ್ಯ ಒತ್ತಡದಲ್ಲಿ ಅಷ್ಟು ಜಲಜನಕಕ್ಕೆ ಸುಮಾರು 11,000 ಲೀಟರ್ ಜಾಗ ಬೇಕು. ಕಾರಿನ ಟ್ಯಾಂಕಿನಲ್ಲಿ ಹಿಡಿಸಲು ವಾಯುಮಂಡಲದ ಒತ್ತಡದ ಸುಮಾರು 700 ಪಟ್ಟು ಒತ್ತಡ ಹೇರುತ್ತಾರೆ. ದ್ರವವಾಗಿಸಲು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು.

ಮೂರನೆಯ ದಾರಿಯೊಂದಿದೆ. ಕೆಲವು ಲೋಹಗಳು ಸ್ಪಂಜು ನೀರನ್ನು ಹೀರುವಂತೆ ಜಲಜನಕವನ್ನು ಹೀರುತ್ತವೆ. ಪೆಲೇಡಿಯಂನ ಈ ಗುಣವನ್ನು ಥಾಮಸ್ ಗ್ರಹಾಂ 1866ರಲ್ಲಿ ಕಂಡುಕೊಂಡರು. ಹೀಗೆ ಉಂಟಾಗುವ ವಸ್ತುಗಳೇ ಲೋಹದ ಹೈಡ್ರೈಡ್‌ಗಳು. ಕಾಯಿಸಿದರೆ ಅವು ಜಲಜನಕವನ್ನು ಮರಳಿ ಕೊಡುತ್ತವೆ.

ಪೆಲೇಡಿಯಂ ಬಲು ದುಬಾರಿ. ಮೆಗ್ನೀಸಿಯಂ ಅಗ್ಗ, ಹಗುರ. ಅದರ ಹೈಡ್ರೈಡ್‌ನ ತೂಕದಲ್ಲಿ ಶೇಕಡಾ 7.6 ಭಾಗ ಜಲಜನಕ. ತೊಡಕೆಂದರೆ, ಜಲಜನಕದ ಅಣುವಿನಲ್ಲಿ ಜೋಡಿಯಾಗಿರುವ ಎರಡು ಪರಮಾಣುಗಳು ಬೇರೆಯಾದ ಮೇಲೆಯೇ ಲೋಹದೊಳಗೆ ಇಳಿಯಬಲ್ಲವು. ಮೆಗ್ನೀಸಿಯಂನ ಮೇಲ್ಮೈ ಈ ಕೆಲಸದಲ್ಲಿ ಬಹು ನಿಧಾನ. ಇಲ್ಲಿ ನೆರವಿಗೆ ಬರುವುದೇ ಕ್ರಿಯಾವರ್ಧಕ. ನಿಕ್ಕಲ್ ಅಥವಾ ನಿಯೋಬಿಯಂ ಆಕ್ಸೈಡ್‌ನ ಪುಡಿಯನ್ನು ಚೂರು ಬೆರೆಸಿ, ಉಕ್ಕಿನ ಗುಂಡುಗಳಿರುವ ಯಂತ್ರದಲ್ಲಿ ನುಣ್ಣಗೆ ಅರೆದರೆ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ.

ಈ ಕ್ಷೇತ್ರಕ್ಕೆ ಹೊಸ ಹುರುಪು ಬಂದದ್ದು 1997ರಲ್ಲಿ. ಜರ್ಮನಿಯ ಮ್ಯುಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬೊಗ್ದಾನೊವಿಚ್ ಮತ್ತು ಶ್ವಿಕಾರ್ಡಿ ಅವರು ಸೋಡಿಯಂ, ಅಲ್ಯೂಮಿನಿಯಂ, ಜಲಜನಕಗಳ ಸಂಯುಕ್ತವೊಂದನ್ನು ಪರೀಕ್ಷಿಸಿದರು. ಒಮ್ಮೆ ಖಾಲಿಯಾದರೆ ಅದನ್ನು ಮತ್ತೆ ತುಂಬುವುದು ಬಹಳ ಕಷ್ಟವಾಗಿತ್ತು. ಕೊಂಚ ಟೈಟಾನಿಯಂ ಸೇರಿಸಿದಾಗ ಅದು ಜಲಜನಕವನ್ನು ಬಿಟ್ಟು, ಪುನಃ ಹೀರಿಕೊಂಡಿತು!

ಹಾಗಾದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಘಟ್ಟದಲ್ಲಿ ಸುರಂಗ ಕೊರೆದರೆ ಶಿಖರ ಹತ್ತಿಳಿಯುವ ಶ್ರಮ ತಪ್ಪುತ್ತದೆ. ಆದರೆ ಕರಾವಳಿಯ ಊರಿಗೂ ಮಲೆನಾಡಿನ ಊರಿಗೂ ಇರುವ ಎತ್ತರದ ಅಂತರ ಹಾಗೆಯೇ ಉಳಿಯುತ್ತದೆ. ಕ್ರಿಯಾವರ್ಧಕವೂ ಇಂಥ ಸುರಂಗವೇ. ಎಷ್ಟು ಒಳ್ಳೆಯ ಕ್ರಿಯಾವರ್ಧಕವಿದ್ದರೂ ಮೆಗ್ನೀಸಿಯಂ ಹೈಡ್ರೈಡ್ ಸಾಮಾನ್ಯ ಒತ್ತಡದಲ್ಲಿ ಜಲಜನಕ ಬಿಡಲು ಸುಮಾರು 280 ಡಿಗ್ರಿ ಕಾವು ಬೇಕೇ ಬೇಕು. ತುಂಬುವಾಗ ಅದೇ ಶಾಖ ಹೊರಬೀಳುತ್ತದೆ: 5 ಕಿಲೋ ಜಲಜನಕ ತುಂಬಿದರೆ, 500 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು!

ಲ್ಯಾಂಥನಂ-ನಿಕ್ಕಲ್ ಮಿಶ್ರಲೋಹ ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುತ್ತದೆ. ಆದರೆ ಅದು ಹಿಡಿಯುವುದು ಶೇಕಡಾ 1.4 ಮಾತ್ರ. 5 ಕಿಲೋ ಜಲಜನಕಕ್ಕೆ ಸುಮಾರು 350 ಕಿಲೋ ಲೋಹ ಹೊರಬೇಕು. ತೂಕ ಅಡ್ಡಿಯಾಗದ ಜರ್ಮನ್ ಜಲಾಂತರ್ಗಾಮಿಗಳಲ್ಲಿ ಹೈಡ್ರೈಡ್ ಟ್ಯಾಂಕುಗಳು ಬಳಕೆಯಲ್ಲಿವೆ. ಕಾರಿಗೆ ಅವು ಭಾರ. ಆದ್ದರಿಂದ ವಿಜ್ಞಾನಿಗಳು ವೇಗ ಹೆಚ್ಚಿಸುವುದರ ಜೊತೆಗೆ, ಲೋಹಗಳನ್ನು ಬೆರೆಸಿ ಜಲಜನಕದ ಮೇಲಿನ ಹಿಡಿತವನ್ನೇ ಸಡಿಲಿಸಲು ಯತ್ನಿಸುತ್ತಿದ್ದಾರೆ.

ಕ್ರಿಯಾವರ್ಧಕವು ಕ್ರಿಯೆಯ ವೇಗವನ್ನು ಬದಲಿಸುತ್ತದೆ, ಕ್ರಿಯೆಯ ಉಷ್ಣವನ್ನಲ್ಲ. ಪರೀಕ್ಷೆಗೆಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಈ ಒಂದು ಸಾಲಿನಲ್ಲೇ ಹೈಡ್ರೈಡ್ ಟ್ಯಾಂಕಿನ ಸಾಧನೆಯೂ ಇದೆ, ಮಿತಿಯೂ ಇದೆ.