ಶಿಶುವಿನ ಹೊಕ್ಕುಳಲ್ಲಿ ನಳಿಕೆ ಏಕೆ?

ತೀವ್ರ ಅಸ್ವಸ್ಥವಾದ ನವಜಾತ ಶಿಶುವಿನ ಹೊಕ್ಕುಳಲ್ಲಿ ವೈದ್ಯರು ನಳಿಕೆ ಇರಿಸಿದುದನ್ನು ಕಂಡು ತಾಯಿತಂದೆಯರು ಗಾಬರಿಗೊಳ್ಳುವುದು ಸಹಜ. ಅದರ ಉದ್ದೇಶವನ್ನು ತಿಳಿದುಕೊಳ್ಳಿರಿ.

ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ 2 ಅಪಧಮನಿಗಳೂ 1 ಅಭಿಧಮನಿಯೂ ಇರುತ್ತವೆ. ಗರ್ಭದಲ್ಲಿ ಶಿಶುವಿಗೆ ಪೋಷಣೆ ತಂದ ಈ ಅಭಿಧಮನಿಯ ಮೂಲಕ, ಜನನಾನಂತರದ ಮೊದಲ ಕೆಲವು ದಿನಗಳಲ್ಲಿ ಔಷಧವನ್ನೂ ದ್ರವವನ್ನೂ ಶೀಘ್ರವಾಗಿ ಕೊಡಬಹುದು.

ನಳಿಕೆಯ ತುದಿಯು ಯಕೃತ್ತನ್ನು ದಾಟಿ, ವಪೆಯ ತುಸು ಮೇಲೆ, ಹೃದಯದ ಹೊಸ್ತಿಲಲ್ಲಿ ನಿಲ್ಲಬೇಕು. ಕೆಳಗುಳಿದರೆ ಯಕೃತ್ತಿಗೆ, ಒಳಗೆ ಸರಿದರೆ ಹೃದಯಕ್ಕೆ ಅಪಾಯ. ಆದುದರಿಂದಲೇ ಕ್ಷ-ಕಿರಣ ಅಥವಾ ಸ್ಕ್ಯಾನಿಂಗ್ ಪರೀಕ್ಷೆ ನಡೆಸುವರು.

ನಳಿಕೆಯನ್ನು ಎಳೆಯಬೇಡಿರಿ. ಶಿಶುವನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಿರಿ. ಯಾವ ಶಿಶುವಿನ ಹೊಕ್ಕುಳಿಗೂ ಸಗಣಿ, ಬೂದಿ ಹಚ್ಚಬೇಡಿರಿ. ಅದನ್ನು ಸ್ವಚ್ಛವಾಗಿಯೂ ಒಣಗಿಯೂ ಇರಿಸಿರಿ. ಹೊಕ್ಕುಳು ರಕ್ತಕ್ಕೆ ನೇರ ದಾರಿ: ಔಷಧಕ್ಕೂ ಅದೇ, ನಂಜಿಗೂ ಅದೇ.