ಒಂದೆರಡು ಹನಿಯಲ್ಲಿ ಇನ್ನೂರು ಕಿಲೋಮೀಟರ್

ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಪಶ್ಚಿಮಕ್ಕೆ, ಕುಂದಾಪುರದ ಕಡಲದಂಡೆಗೆ, ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್. ನಡುವೆ ಹೊಸದುರ್ಗದ ತೆಂಗಿನ ತೋಟಗಳು, ತರೀಕೆರೆ, ತೀರ್ಥಹಳ್ಳಿಯ ಕಾಡು, ಘಟ್ಟದ ಇಳಿಜಾರು. ಈ ಗೆರೆಯುದ್ದಕ್ಕೂ ಒಂದರ ತುದಿಗೆ ಇನ್ನೊಂದು ತಾಗುವಂತೆ ಒಂದು ಜಾತಿಯ ಪರಾವಲಂಬಿಯ ಬೀಜಕಗಳನ್ನು ಸಾಲಾಗಿ ಇಡುತ್ತ ಹೋದೆವೆನ್ನಿ. ಒಂದು ಮೀಟರಿಗೆ ಒಂಬತ್ತು ಲಕ್ಷ ಬೇಕು. ಕಡಲು ಮುಟ್ಟುವ ಹೊತ್ತಿಗೆ ಸುಮಾರು 18,000 ಕೋಟಿ ಬೀಜಕಗಳು ಮುಗಿದಿರುತ್ತವೆ. ಭೂಮಿಯ ಮೇಲಿನ ಜನಸಂಖ್ಯೆಯ ಇಪ್ಪತ್ತು ಪಟ್ಟಿಗೂ ಮಿಕ್ಕಿದ ಲೆಕ್ಕ ಅದು. ಈಗ ಆ ಸಾಲನ್ನೆಲ್ಲ ಬಳಿದು ಒಂದೆಡೆ ಸೇರಿಸಿ. ಸಿಗುವುದು ಒಂದೆರಡು ಹನಿ ನೀರಿನಷ್ಟು, ಅಷ್ಟೇ.

ಈ ಜೀವಿಯ ಹೆಸರು ಎಂಟೆರೊಸೈಟೊಜೂನ್ ಹೆಪಟೊಪೀನೇಯಿ. ಸಿಗಡಿ ಸಾಕುವವರಿಗೆ ಇದು ಇಎಚ್‌ಪಿ. ಬೀಜಕದ ಉದ್ದ 1.1 ಮೈಕ್ರಾನ್, ಅಗಲ 0.6ರಿಂದ 0.7 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಥಾಯ್ಲೆಂಡಿನ ಸಿಗಡಿಗಳಲ್ಲಿ 2004ರ ಹೊತ್ತಿಗೆ ಕಣ್ಣಿಗೆ ಬಿದ್ದ ಇದಕ್ಕೆ 2009ರಲ್ಲಿ ಹೆಸರಿಟ್ಟರು. 2016ರಲ್ಲಿ ಭಾರತದ ಕೊಳಗಳಲ್ಲೂ ಇದೆಯೆಂಬ ವರದಿ ಬಂತು. ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಇದೊಂದರಿಂದಲೇ ದೇಶದ ಸಿಗಡಿ ಕೃಷಿಗೆ ವರ್ಷಕ್ಕೆ ಆಗುವ ನಷ್ಟ 3,977 ಕೋಟಿ ರೂಪಾಯಿ.

ಈ ನಷ್ಟ ಆಗುವ ಬಗೆ ವಿಚಿತ್ರ. 1990ರ ದಶಕದ ನಡುವೆ ನಮ್ಮ ಕರಾವಳಿಯ ಸಿಗಡಿ ಕೊಳಗಳಿಗೆ ಬಿಳಿಚುಕ್ಕೆ ರೋಗದ ವೈರಸ್ ಬಂದಾಗ ಕೆಲವೇ ದಿನಗಳಲ್ಲಿ ಇಡೀ ಕೊಳದ ಸಿಗಡಿ ಸತ್ತುಹೋಗುತ್ತಿತ್ತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಆ ರೋಗವನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ಇಎಚ್‌ಪಿ ಹಾಗೆ ಕೊಲ್ಲುವುದಿಲ್ಲ. ಯಕೃತ್ತಿನ ಮತ್ತು ಮೇದೋಜೀರಕದ ಕೆಲಸಗಳೆರಡನ್ನೂ ಮಾಡುವ ಒಂದು ಅಂಗ ಸಿಗಡಿಗಿದೆ. ಪರಾವಲಂಬಿ ಅದರ ಜೀವಕೋಶಗಳೊಳಗೆ ಹೊಕ್ಕು ಅಲ್ಲೇ ಸಂಸಾರ ಹೂಡುತ್ತದೆ. ಸಿಗಡಿ ಬದುಕಿರುತ್ತದೆ, ಈಜುತ್ತದೆ, ತಿನ್ನುತ್ತದೆ. ಬೆಳೆಯುವುದು ಮಾತ್ರ ನಿಲ್ಲುತ್ತದೆ.

ಒಂದು ಹೆಕ್ಟೇರ್ ಕೊಳದ ಲೆಕ್ಕ ಹಾಕೋಣ. ನಿಯಮದ ಪ್ರಕಾರ ವನ್ನಾಮಿ ಎಂಬ ಜಾತಿಯ ಸಿಗಡಿಯನ್ನು ಚದರ ಮೀಟರಿಗೆ ಹೆಚ್ಚೆಂದರೆ 60ರಂತೆ ಬಿಡಬಹುದು, ಅಂದರೆ ಆರು ಲಕ್ಷ ಮರಿ. ಐದು ಲಕ್ಷ ಉಳಿದು ತಲಾ 25 ಗ್ರಾಂ ತೂಗಿದರೆ ಹನ್ನೆರಡೂವರೆ ಟನ್ ಫಸಲು. ಅಷ್ಟೇ ಸಿಗಡಿಗಳು 8 ಗ್ರಾಮಿಗೆ ನಿಂತುಬಿಟ್ಟರೆ ಕೈಗೆ ಬರುವುದು ನಾಲ್ಕು ಟನ್. ತಲೆಯೆಣಿಕೆಯಲ್ಲಿ ಒಂದೂ ಕಡಿಮೆಯಿಲ್ಲ. ಮೇವಿನ ಚೀಲಗಳು ಖಾಲಿಯಾಗಿವೆ, ಗಾಳಿಚಕ್ರಗಳ ಕರೆಂಟ್ ಬಿಲ್ ಬಂದಿದೆ, ನೂರು ದಿನದ ಆಸುಪಾಸು ಕಾದದ್ದೂ ಆಗಿದೆ. ಭಾರತ 2023-24ರಲ್ಲಿ ರಫ್ತು ಮಾಡಿದ ಶೈತ್ಯೀಕರಿಸಿದ ಸಿಗಡಿ 7,16,004 ಟನ್, ಬೆಲೆ 40,013 ಕೋಟಿ ರೂಪಾಯಿ. 3,977 ಕೋಟಿಯನ್ನು ಇದರ ಪಕ್ಕ ಇಟ್ಟು ನೋಡಿದರೆ ಹತ್ತರಲ್ಲಿ ಒಂದು ಪಾಲಿಗೆ ಹತ್ತಿರ.

ಇದು ಮೈಕ್ರೊಸ್ಪೊರಿಡಿಯ ಎಂಬ ಗುಂಪಿಗೆ ಸೇರಿದೆ, ಶಿಲೀಂಧ್ರಗಳ ಹತ್ತಿರದ ಬಂಧು. ಈ ಗುಂಪಿನ ಪ್ರತಿ ಬೀಜಕದೊಳಗೂ ಸುರುಳಿ ಸುತ್ತಿದ ಒಂದು ಟೊಳ್ಳು ನಳಿಕೆ ಇರುತ್ತದೆ. ಸರಿಯಾದ ಜಾಗ ಸಿಕ್ಕೊಡನೆ ಅದು ಹೊರಕ್ಕೆ ಚಿಮ್ಮುತ್ತದೆ. ಎರಡು ಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಕೆಲವು ಜಾತಿಗಳಲ್ಲಿ ಬಿಚ್ಚಿದ ನಳಿಕೆ ಬೀಜಕದ ಉದ್ದಕ್ಕಿಂತ ನೂರು ಪಟ್ಟು ಉದ್ದ. ನಳಿಕೆಯ ತುದಿ ಆಸರೆ ಜೀವಿಯ ಕೋಶಕ್ಕೆ ನಾಟಿದ ಮೇಲೆ ಬೀಜಕದೊಳಗಿನ ಜೀವದ್ರವ್ಯವೆಲ್ಲ ಆ ಸಪೂರ ದಾರಿಯಲ್ಲಿ ಹರಿದು ಕೋಶದೊಳಗೆ ಇಳಿಯುತ್ತದೆ. ಹೊರಗೆ ಉಳಿಯುವುದು ಬರಿಯ ಸಿಪ್ಪೆ.

ಒಳಗೆ ಸೇರಿದ ಮೇಲಿನ ಲೆಕ್ಕ ಇನ್ನೂ ಬೆರಗಿನದು. ಮನುಷ್ಯನ ಜೀನೋಮಿನಲ್ಲಿ 300 ಕೋಟಿಗೂ ಹೆಚ್ಚು ಡಿಎನ್‌ಎ ಅಕ್ಷರಗಳಿವೆ. ನಮ್ಮ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ ಇ.ಕೊಲೈನಲ್ಲಿ 46 ಲಕ್ಷ. ಇಎಚ್‌ಪಿಯಲ್ಲಿ ಸುಮಾರು 33 ಲಕ್ಷ ಮಾತ್ರ. ನಮ್ಮದರ ಸಾವಿರದಲ್ಲಿ ಒಂದು ಪಾಲು. ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ವಿದ್ಯೆ ಬಹುಪಾಲು ಜೀವಿಗಳಿಗೆ ಗೊತ್ತು. ಇದು ಆ ವಿದ್ಯೆಯ ಜೀನುಗಳನ್ನೇ ಕಳೆದುಕೊಂಡಿದೆ. ಸಿಗಡಿಯ ಕೋಶ ತನಗಾಗಿ ತಯಾರಿಸಿಕೊಂಡ ಶಕ್ತಿಯನ್ನೇ ಕದ್ದು ಬದುಕುತ್ತದೆ. ಕೊಳಕ್ಕೆ ಸುರಿದ ಮೇವು ಮೈಗೆ ಹತ್ತದೆ ಹೋಗಲು ಇದೂ ಒಂದು ಕಾರಣ.

ಮೈಕ್ರೊಸ್ಪೊರಿಡಿಯದಲ್ಲಿ ಇದುವರೆಗೆ ಗುರುತಿಸಿದ ಕುಲಗಳು ಇನ್ನೂರರ ಆಸುಪಾಸು. ಅವುಗಳಲ್ಲಿ ಸುಮಾರು ಅರ್ಧದಷ್ಟು ನೀರಿನ ಜೀವಿಗಳನ್ನೇ ಹಿಡಿಯುತ್ತವೆ. ಅಟ್ಲಾಂಟಿಕ್ ತೀರದ ನೀಲಿ ಏಡಿಗೆ ಒಂದು, ಫ್ಲಾರಿಡಾದ ಮುಳ್ಳು ಲಾಬ್‌ಸ್ಟರಿಗೆ ಒಂದು. ಅವು ಸ್ನಾಯುವಿಗೆ ಇಳಿದು ಮಾಂಸವನ್ನು ಬೆಳ್ಳಗೆ ಮಾಡುತ್ತವೆ. ಇಎಚ್‌ಪಿ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ, ಬೇಯಿಸಿದ ಸಿಗಡಿ ತಿನ್ನುವವರು ಹೆದರಬೇಕಿಲ್ಲ. ಏಟು ಬೀಳುವುದು ಬೆಳೆದವರಿಗೆ.

ಇಷ್ಟು ಹೇಳಿದ ಮೇಲೂ, ಕಡಲಿನಿಂದ ಇಷ್ಟು ದೂರದ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಹಿರಿಯೂರು ಸೀಮೆಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧ ಹಿಪ್ಪುನೇರಳೆ ತೋಟದಲ್ಲಿದೆ. ಮೊಳಕಾಲ್ಮೂರು ಸೀರೆಯ ಈ ಜಿಲ್ಲೆಯಲ್ಲಿ ರೇಷ್ಮೆ ಹುಳು ಸಾಕಿದವರಿಗೆ ಗಂಟುರೋಗ ಗೊತ್ತು. ಪುಸ್ತಕದಲ್ಲಿ ಅದು ಪೆಬ್ರಿನ್. ಅದನ್ನು ತರುವ ನೊಸೀಮ ಬಾಂಬಿಸಿಸ್ ಕೂಡ ಮೈಕ್ರೊಸ್ಪೊರಿಡಿಯವೇ. 1857ರಲ್ಲಿ ಹೆಸರು ಪಡೆದ ಅದು ಈ ಇಡೀ ಗುಂಪಿನಲ್ಲೇ ಮೊದಲು ಗುರುತಿಸಿಕೊಂಡ ಜೀವಿ. ಅದೇ ಚಿಮ್ಮುವ ನಳಿಕೆ, ಅದೇ ಶಕ್ತಿ ಕದಿಯುವ ಬದುಕು. ಬೀಜಕ ಮಾತ್ರ ಇಎಚ್‌ಪಿಯದಕ್ಕಿಂತ ದೊಡ್ಡದು: ಉದ್ದ ಮೂರರಿಂದ ನಾಲ್ಕು ಮೈಕ್ರಾನ್, ಗಾತ್ರದಲ್ಲಿ ಸುಮಾರು ಮೂವತ್ತು ಪಟ್ಟು.

ಆ ಮೂರು ಮೈಕ್ರಾನ್ ಏನು ಮಾಡಿತೆಂಬುದನ್ನು ಫ್ರಾನ್ಸ್ ಕಂಡಿದೆ. 1853ರಲ್ಲಿ ಅಲ್ಲಿ 26,000 ಟನ್ ರೇಷ್ಮೆಗೂಡು ಬೆಳೆದಿತ್ತು. 1865ಕ್ಕೆ ಅದು 4,000 ಟನ್ನಿಗೆ ಕುಸಿದಿತ್ತು. ಆ ವರ್ಷ ಸರ್ಕಾರದ ಕೋರಿಕೆಯಂತೆ ಅಲೆಸ್ ಪಟ್ಟಣಕ್ಕೆ ಹೋದ ಲೂಯಿ ಪಾಶ್ಚರ್ ಅದಕ್ಕೆ ಮುಂಚೆ ರೇಷ್ಮೆ ಹುಳುವನ್ನು ಮುಟ್ಟಿಯೂ ನೋಡಿರಲಿಲ್ಲ. ಐದು ವರ್ಷ ದುಡಿದರು. ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ ಎಂಬುದನ್ನು ಆಧರಿಸಿ ಒಂದು ಸರಳ ದಾರಿ ತೋರಿಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಬೀಜಕ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಹಾಕಿ. ಔಷಧಿಯಿಲ್ಲ, ಪವಾಡವಿಲ್ಲ. ಇವತ್ತಿಗೂ ಕರ್ನಾಟಕದ ಬಿತ್ತನೆ ಕೇಂದ್ರಗಳಲ್ಲಿ ಇದೇ ಪದ್ಧತಿ. ತಾಯಿಚಿಟ್ಟೆಯ ಒಂದು ಹನಿ ರಸವನ್ನು 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಒಂದು ಚಿಟ್ಟೆ ಇಡುವುದು ನಾನೂರರಿಂದ ಐನೂರು ಮೊಟ್ಟೆ. ಅಂದರೆ ಒಂದು ನೋಟಕ್ಕೆ ಐನೂರು ಹುಳುಗಳ ರಕ್ಷಣೆ.

ಹೆಣ್ಣು ವನ್ನಾಮಿ ಸಿಗಡಿ ಒಂದು ಸಲಕ್ಕೆ ಇಡುವುದು ಒಂದರಿಂದ ಎರಡೂವರೆ ಲಕ್ಷ ಮೊಟ್ಟೆ. ಇಎಚ್‌ಪಿ ಮುಖ್ಯವಾಗಿ ಮಲದ ಮೂಲಕ ಹರಡುತ್ತದೆ; ಸೋಂಕಿದ ತಾಯಿಯ ಹಿಕ್ಕೆ ಮೊಟ್ಟೆ-ಮರಿಗಳ ತೊಟ್ಟಿಗೆ ಸೇರಿದರೆ ಸಾಕು. 2009ರಿಂದ ಭಾರತಕ್ಕೆ ತರುವ ವನ್ನಾಮಿ ತಾಯಿ ಸಿಗಡಿಗಳನ್ನು ಚೆನ್ನೈನ ನೀಲಾಂಕರೈ ದಿಗ್ಬಂಧನ ಕೇಂದ್ರದಲ್ಲಿ ಇಟ್ಟು ರೋಗಪರೀಕ್ಷೆ ಮಾಡಿಯೇ ಮೊಟ್ಟೆಕೇಂದ್ರಗಳಿಗೆ ಬಿಡುವುದು. ಬೀಜಕ ಇಷ್ಟು ಚಿಕ್ಕದಾದ್ದರಿಂದ ಸೂಕ್ಷ್ಮದರ್ಶಕವನ್ನು ನಂಬಿ ಕೂರುವಂತಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ ಪಿಸಿಆರ್ ಬೇಕು. ಈ ಲೆಕ್ಕದಲ್ಲಿ ಒಂದು ಪರೀಕ್ಷೆ ಕಾಯುವುದು ಲಕ್ಷಗಳನ್ನು.

ಪರೀಕ್ಷೆ ಬಿಟ್ಟು ರೋಗ ಒಳಗೆ ಬಂದರೆ ಕೊಡಬೇಕಾದ ದಂಡವೂ ಲೆಕ್ಕಕ್ಕೆ ಸಿಗುತ್ತದೆ. ಕೊಳ ಬತ್ತಿಸಿ, ಹೆಕ್ಟೇರಿಗೆ ಆರು ಟನ್ ಸುಟ್ಟ ಸುಣ್ಣ ಸುರಿದು, ಹತ್ತು ಹನ್ನೆರಡು ಸೆಂಟಿಮೀಟರ್ ಆಳಕ್ಕೆ ಉತ್ತು, ನೀರು ಚಿಮುಕಿಸಿ, ಒಂದು ವಾರ ಬಿಡಬೇಕು. ಮಣ್ಣಿನ ಕ್ಷಾರದ ಅಳತೆ (ಪಿಎಚ್) ಹನ್ನೆರಡರ ಮಟ್ಟಕ್ಕೆ ಏರಿದರೆ ಮಾತ್ರ ಬೀಜಕ ಸಾಯುತ್ತದೆ. ಕಣ್ಣಿಗೆ ಕಾಣದ ಶತ್ರುವಿಗೆ ಆರು ಸಾವಿರ ಕಿಲೋ ಸುಣ್ಣ.

ಹುಳುಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹೊಡೆದು ಶುದ್ಧ ಮಾಡುವ, ತಪಾಸಣೆಯಾದ ಮೊಟ್ಟೆಯನ್ನೇ ತರುವ ಬಯಲುಸೀಮೆಯ ರೇಷ್ಮೆ ರೈತನಿಗೆ ಈ ಶಿಸ್ತು ತಲೆಮಾರುಗಳಿಂದ ರೂಢಿಯಾಗಿದೆ. ಕುಮಟಾ, ಅಂಕೋಲಾ, ಕುಂದಾಪುರದ ಸಿಗಡಿ ರೈತನಿಗೂ ಅದು ಅಷ್ಟೇ ಸಹಜವಾಗಬೇಕು. ಮರಿ ಕೊಳ್ಳುವಾಗ ಬೆಲೆ ಕೇಳುವ ಮುಂಚೆ ಇಎಚ್‌ಪಿ ಪರೀಕ್ಷೆಯ ಚೀಟಿ ಕೇಳಬೇಕು. ಆ ಪರೀಕ್ಷೆ ಸಣ್ಣ ರೈತನ ಕೈಗೆಟಕುವ ದೂರದಲ್ಲಿ, ಕೈಗೆಟಕುವ ದರದಲ್ಲಿ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ. ಚಿಟ್ಟೆಯ ಐನೂರು ಮೊಟ್ಟೆಗಾಗಿ ನೂರೈವತ್ತು ವರ್ಷಗಳಿಂದ ತಪ್ಪದೆ ಮಾಡುತ್ತಿರುವ ಕೆಲಸವನ್ನು ಸಿಗಡಿಯ ಎರಡೂವರೆ ಲಕ್ಷಕ್ಕೆ ಮಾಡದಿರಲು ಯಾವ ನೆಪವೂ ಇಲ್ಲ.