ಬಾಣ ಬಿಡುವ ಮುನ್ನ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನನ್ನ ಭಾವಮೈದುನ ಒಂದು ದಿನ ಫೋನ್ ಮಾಡಿ ಕೇಳಿದ: "ನಿನ್ನೆ ಸಂಜೆ ಬಿಸ್ಮಿಲ್ಲಾ ಹೇಳಿಯೇ ಜಿಂಕೆಗೆ ಬಾಣ ಬಿಟ್ಟೆ. ಓಡಿಹೋಯ್ತು. ಬೆಳಿಗ್ಗೆ ಹೋಗಿ ನೋಡಿದರೆ ಸತ್ತು ಬಿದ್ದಿದೆ. ಹಿಂಭಾಗವನ್ನು ಕೊಯೋಟಿಗಳು ತಿಂದಿವೆ. ಇದನ್ನು ನಾವು ತಿನ್ನಬಹುದಾ?"

ಬಾಣ ಎಲ್ಲಿಗೆ ತಾಗಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆಗೆ" ಅಂದ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಆದ್ದರಿಂದ ನಮ್ಮಲ್ಲಿ ಫಿಕ್ಹ್ ಗ್ರಂಥಗಳ ಬೇಟೆಯ ಅಧ್ಯಾಯವನ್ನು ಬಹುತೇಕರು ಹಾರಿಸಿ ಓದುತ್ತಾರೆ. ಮಿಷಿಗನ್‌ನಲ್ಲಿ ಹಾಗಲ್ಲ. ಅಲ್ಲಿ ಬಿಳಿಬಾಲದ ಜಿಂಕೆಗಳು ಹೇರಳ. ಲೈಸೆನ್ಸ್ ಪಡೆದವರಿಗೆ ಅಕ್ಟೋಬರ್ 1ರಿಂದ ಬಿಲ್ಲುಬೇಟೆಯ ಸೀಸನ್. ಹದಿನೈದು, ಇಪ್ಪತ್ತು ಅಡಿ ಎತ್ತರದಲ್ಲಿ ಮರಕ್ಕೆ ಅಟ್ಟಣೆ ಕಟ್ಟಿ ಕೂರುತ್ತಾರೆ. ಅಲ್ಲಿಂದ ಯಾವಾಗ ಬಾಣ ಬಿಡಬೇಕು, ಯಾವಾಗ ಬಿಡಬಾರದು ಎನ್ನುವುದೇ ಈ ಬೇಟೆಯ ಅರ್ಧ ವಿದ್ಯೆ.

ಗುಂಡಿನ ಹಾಗೆ ಬಾಣಕ್ಕೆ ಹೊಡೆತದಿಂದಲೇ ಕೆಡವುವ ಶಕ್ತಿ ಇಲ್ಲ. ಅದು ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಮುಂಗಾಲಿನ ಹಿಂದೆ ಹೃದಯ ಮತ್ತು ಎರಡು ಶ್ವಾಸಕೋಶಗಳಿರುವ ಜಾಗ ಹೆಚ್ಚುಕಡಿಮೆ ಒಂದು ಊಟದ ತಟ್ಟೆಯಷ್ಟು. ಎರಡೂ ಶ್ವಾಸಕೋಶಗಳನ್ನು ಬಾಣ ತೂರಿಹೋದರೆ ಜಿಂಕೆ ಸಾಮಾನ್ಯವಾಗಿ ನೂರು ಗಜದೊಳಗೆ, ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಜಿಂಕೆ ಪೂರ್ತಿ ಅಡ್ಡಕ್ಕೆ ನಿಂತಿರಬೇಕು, ಇಲ್ಲವೇ ನಮ್ಮಿಂದ ಸ್ವಲ್ಪ ಆಚೆಗೆ ಮುಖ ತಿರುಗಿಸಿರಬೇಕು. ಎದುರಿಗೆ ಮುಖ ಮಾಡಿ ನಿಂತರೆ ಎದೆಮೂಳೆ, ಭುಜದ ಮೂಳೆ ಅಡ್ಡ ಬರುತ್ತವೆ. ಹಿಂದಿನಿಂದಂತೂ ಬಿಡಲೇಬಾರದು.

ಅಟ್ಟಣೆಯ ಮೇಲೆ ಇನ್ನೊಂದು ಮೋಸ ಇದೆ. ಜಿಂಕೆ ಹತ್ತಿರ ಬಂದಷ್ಟೂ ಸುಲಭ ಅಂತ ಅನ್ನಿಸುತ್ತದೆ; ನಿಜವಾಗಿ ಕಷ್ಟ. ಇಪ್ಪತ್ತು ಗಜ ದೂರದಲ್ಲಿದ್ದರೆ ಬಾಣ ಸ್ವಲ್ಪವೇ ಇಳಿಜಾರಾಗಿ ಹೋಗಿ ಎರಡೂ ಶ್ವಾಸಕೋಶ ದಾಟುತ್ತದೆ. ಮರದ ಬುಡಕ್ಕೇ ಬಂದರೆ ಮೇಲಿನಿಂದ ಕಾಣುವುದು ಬರೀ ಬೆನ್ನು. ಬೆನ್ನುಮೂಳೆಯ ಪಕ್ಕದಲ್ಲಿ ಇಳಿದ ಬಾಣ ಒಂದೇ ಶ್ವಾಸಕೋಶಕ್ಕೆ ತಾಗುತ್ತದೆ. ಅಂಥ ಜಿಂಕೆ ಬಹಳ ದೂರ ಓಡಿ, ಗಂಟೆಗಟ್ಟಲೆ ನರಳಿ ಸಾಯಬಹುದು. ಅದಕ್ಕೇ ಅನುಭವಿಗಳು ಬಾಣ ಎಲ್ಲಿ ಒಳಗೆ ಹೋಗುತ್ತೆ ಅನ್ನೋದಕ್ಕಿಂತ ಎಲ್ಲಿಂದ ಹೊರಗೆ ಬರುತ್ತೆ ಅಂತ ಯೋಚಿಸುತ್ತಾರೆ. ಜೊತೆಗೆ, ಬಾಣಕ್ಕಿಂತ ಶಬ್ದ ಬೇಗ ತಲುಪುತ್ತದೆ. ಬಿಲ್ಲಿನ ಸದ್ದಿಗೆ ಬೆಚ್ಚಿದ ಜಿಂಕೆ ಓಡಲು ಮೈ ತಗ್ಗಿಸುವುದರಿಂದ ಗುರಿ ಮೇಲಕ್ಕೆ ತಪ್ಪುತ್ತದೆ. ಕಿವಿ ನಿಮಿರಿಸಿ ನಿಂತ ಜಿಂಕೆಗೆ ಬಿಡದಿರುವುದೇ ಒಳ್ಳೆಯದು.

ಈಗ ಹದೀಸ್‌ಗೆ ಬರೋಣ. ಅಲ್ಲಾಹನು ಎಲ್ಲದರಲ್ಲೂ ಇಹ್ಸಾನ್ ವಿಧಿಸಿದ್ದಾನೆ, ವಧೆಯನ್ನೂ ಉತ್ತಮ ರೀತಿಯಲ್ಲಿ ಮಾಡಬೇಕು, ಅಲಗನ್ನು ಹರಿತ ಮಾಡಿಕೊಳ್ಳಬೇಕು ಎಂಬ ಅರ್ಥದ ಪ್ರವಾದಿವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದು ಕಟುಕನ ಚೂರಿಗೆ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಮೊಂಡು ಬಾಣದ ಮೊನೆ ರಕ್ತನಾಳವನ್ನು ಕೊಯ್ಯದೆ ಪಕ್ಕಕ್ಕೆ ತಳ್ಳುತ್ತದೆ ಅಂತ ಬಿಲ್ಲುಗಾರರು ಹೇಳುವಾಗ ಅದೇ ವಿಷಯ ಅಲ್ಲವೇ? ಜೀವಂತ ಪ್ರಾಣಿಯನ್ನು ಗುರಿಯ ಆಟಕ್ಕೆ ಬಳಸುವವರನ್ನು ಪ್ರವಾದಿ(ಸ) ಶಪಿಸಿದ್ದಾರೆ. ಹಾಗಾಗಿ 'ತಾಗಿದರೆ ತಾಗಲಿ' ಎಂದು ದೂರದಿಂದ ಬಾಣ ಬಿಡುವುದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ಅಭ್ಯಾಸಕ್ಕೆ ಫೋಮಿನ ಜಿಂಕೆ ಇದೆ.

ಭಾವಮೈದುನನ ಪ್ರಶ್ನೆಗೆ ಹತ್ತಿರದ್ದು ಅದೀ ಬಿನ್ ಹಾತಿಮ್(ರ) ಅವರ ಹದೀಸ್. ಕಣ್ಮರೆಯಾದ ಬೇಟೆ ಮರುದಿನ ಸಿಕ್ಕಿದರೆ, ಅದರ ಮೇಲೆ ನಿಮ್ಮ ಬಾಣದ ಗುರುತು ಬಿಟ್ಟು ಬೇರೇನೂ ಇಲ್ಲದಿದ್ದರೆ ತಿನ್ನಬಹುದು; ನೀರಿನಲ್ಲಿ ಮುಳುಗಿ ಸಿಕ್ಕಿದರೆ ಬೇಡ, ಏಕೆಂದರೆ ಕೊಂದದ್ದು ಬಾಣವೋ ನೀರೋ ಗೊತ್ತಾಗಲ್ಲ. ಇಲ್ಲಿ ಕೊಯೋಟಿಯ ಹಲ್ಲಿನ ಗುರುತು ಇತ್ತು. ಜೀವ ಹೋದಮೇಲೆ ತಿಂದವೋ, ಅವೇ ಕೊಂದವೋ? ಅವನಿಗೂ ಗೊತ್ತಿಲ್ಲ. ಬಿಟ್ಟುಬಿಡು ಅಂದೆ. ಊರಿನ ಇಮಾಮರೂ ಅದನ್ನೇ ಹೇಳಿದರಂತೆ.

ಇನ್ನೊಂದು ತೊಡಕು. ಕಣ್ಮರೆಯಾದ ಬೇಟೆಯನ್ನು ಹುಡುಕುವುದು ಬಿಟ್ಟು ಕೂತವನಿಗೆ ಅದು ಆಮೇಲೆ ಸತ್ತು ಸಿಕ್ಕಿದರೆ ತಿನ್ನುವಂತಿಲ್ಲ ಎನ್ನುತ್ತದೆ ಹನಫೀ ಫಿಕ್ಹ್. ಆದರೆ ಹೊಟ್ಟೆಗೆ ಬಾಣ ತಾಗಿದ ಜಿಂಕೆಯನ್ನು ಎಂಟು, ಹನ್ನೆರಡು ಗಂಟೆ ಹಿಂಬಾಲಿಸಬೇಡಿ ಅಂತ ಅಲ್ಲಿನ ಬೇಟೆ ತರಬೇತಿಯಲ್ಲಿ ಕಲಿಸುತ್ತಾರೆ. ಅದು ಹತ್ತಿರದಲ್ಲೇ ಮಲಗುತ್ತದೆ, ಬೆನ್ನಟ್ಟಿದರೆ ಎದ್ದು ಮೈಲುಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ. ಹುಡುಕುವ ಉದ್ದೇಶದಿಂದಲೇ ಕಾಯುವುದನ್ನು 'ಕೈಬಿಟ್ಟದ್ದು' ಅನ್ನಲಾಗದು ಎಂದು ನನಗನ್ನಿಸುತ್ತದೆ. ಆದರೆ ನಾನು ಮುಫ್ತಿ ಅಲ್ಲ, ಅಲ್ಲಿನವರು ತಮ್ಮ ಉಲಮಾಗಳನ್ನು ಕೇಳಬೇಕು. ಶ್ವಾಸಕೋಶಕ್ಕೆ ಸರಿಯಾಗಿ ತಾಗಿದರೆ ಅರ್ಧ ಗಂಟೆ ಕಾದು ಇಳಿದರೆ ಸಾಕು, ಈ ಪ್ರಶ್ನೆಯೇ ಏಳುವುದಿಲ್ಲ. ಹೋದಾಗ ಜೀವ ಇದ್ದರೆ ಕೂಡಲೇ ಝಬಹ್ ಮಾಡಬೇಕು. ಸೊಂಟದಲ್ಲಿ ಚೂರಿ ಇರಲೇಬೇಕು.

ಮರುವರ್ಷ ಅಕ್ಟೋಬರ್‌ನಲ್ಲಿ ಅವನ ಅಟ್ಟಣೆಯ ನೇರ ಕೆಳಗೆ ಒಂದು ದೊಡ್ಡ ಗಂಡುಜಿಂಕೆ ಬಂದು ಹತ್ತು ನಿಮಿಷ ಓಕ್ ಕಾಯಿ ತಿನ್ನುತ್ತಾ ನಿಂತಿತ್ತಂತೆ. ಒಮ್ಮೆಯೂ ದೂರ ಸರಿಯಲಿಲ್ಲ, ಪಕ್ಕ ಕೊಡಲಿಲ್ಲ. ಇವನು ಬಿಲ್ಲು ಎಳೆಯಲೇ ಇಲ್ಲ. ರಾತ್ರಿ ಊಟಕ್ಕೆ ಏನಿತ್ತು ಅಂತ ಕೇಳಿದೆ. "ದಾಲ್ ಚಾವಲ್" ಅಂದ.